ಪಿಸ್ತೂಲಿನಾಗಿನ ಭಂಡಾರ

ಆ ಬ್ಯಾಟರಿ ಆರಸ್ರಿ ಮೊದಲ, ಕಣ್ಣಾಗ ಹೊಡಿಯಾಕತ್ತೈತಿ. ಮೋಟಾರಿಗೆ ತ್ರೀ ಫೇಸ್ ಕರೆಂಟ ಬರಾಕ ಇನ್ನಾ ಹೊತ್ತೈತಿ. ಅಲ್ಲೀತನ ನೀವೂ ಮಲಗಾಂಗಿಲ್ಲ, ನನಗೂ ಮಲಗಗೊಡಾಂಗಿಲ್ಲ. ಹೇಳತೇನಿ… ಆದ್ರ ನಡುವ ಬಾಯಿ ಹಾಕಿದ್ರ ಎದ್ದು ಹೋಗಾಂವ ನಾ, ಮೊದಲ ಹೇಳೇನಿ. ಇದು ಎಲ್ಲೋ ಯಾರೋ ಅಂದದ್ದಲ್ಲ. ನಮ್ಮ ಸ್ವಾದರತ್ತಿ ಮಗ ಬಾಳೇಶ ಅದಾನಲ್ಲ, ಬೇಡಕಿಹಾಳದಾಂವ, ಅವನ ಕೈಯಾಗ ನಡದದ್ದು.

ಬಾಳೇಶ ಮಿಲಿಟರಿಯಾಗ ಬಂದೂಕು ರಿಪೇರಿ ಮಾಡಾಂವ ಇದ್ದ. ಪೆನ್ಶನ್ ತಗೊಂಡು ಊರಿಗೆ ಬಂದ ಮ್ಯಾಲ ನಿಪ್ಪಾಣಿಯಾಗ ಹಾಲೇಶ ಅನ್ನಾಂವನ ಲೈಸೆನ್ಸಿನ ಬಂದೂಕು ಅಂಗಡ್ಯಾಗ ಕೆಲಸಕ್ಕ ನಿಂತ. ಕೈ ಚಲೋ. ಸಿಟ್ಟು ಮಾತ್ರ ಮೂಗಿನ ತುದಿಮ್ಯಾಲ. ಸ್ಕ್ರೂ ತಿರಗಲಿಲ್ಲಂದ್ರ ಸ್ಕ್ರೂ ಜೋಡಿನ ಜಗಳಾ ತಗಿಯಾಂವ. "ತಿರಗತಿಯೋ, ನಿಮ್ಮಪ್ಪನ್ನ ಕರೀಲೋ?" ಅಂತ ಸ್ಕ್ರೂಗೆ ಕೇಳಿದ್ದು ನಾನ ಕೇಳೇನಿ.

ದಿನಾ ಕಡೀ ಬಸ್ಸಿಗೆ ಬರತಿದ್ದ. ಬಸ್ಸು ಅಂವನ್ನ ಕ್ರಾಸಿಗೆ ಇಳಿಸಿ ಮುಂದ ಹೋಗತಿತ್ತು. ಅಲ್ಲಿಂದ ಊರತನ ನಡಗಿ. ಎರಡೂ ಕಡೆ ಆಳೆತ್ತರ ಕಬ್ಬು, ನಡುವ ಮಣ್ಣದಾರಿ, ಅರ್ಧ ದಾರ್ಯಾಗ ಲಕ್ಕವ್ವನ ಬಾವಿ. ಮೊದಲ ಅದಕ್ಕ ಹಗ್ಗದ ಗಡಗಡಿ ಇತ್ತು, ಈಗ ಮೋಟಾರ ಕುಂಡ್ರಿಸ್ಯಾರ. ಒಂದು ತಗಡಿನ ಪೆಟಗಿ, ಪೆಟಗಿ ಮ್ಯಾಲ ಒಂದು ಬಲ್ಬು. ಲಕ್ಕವ್ವ ಸತ್ತು ಆಗ ಒಂದು ವರ್ಷಾಗಿತ್ತು.

ಅವತ್ತ ಬುಧವಾರ. ಬಾಳೇಶ ಬಾವಿ ಹತ್ರ ಬಂದ. ಒಂದು ಸಪ್ಪಳಾ ಕೇಳ್ತು.

ಸರ್… ಸರ್… ಟಕ್.

ನಿಂತ. ಕಬ್ಬಿನ ಒಣಾ ರವದಿ ಗಾಳಿಗೆ ಅಳ್ಳಾಡಿದ್ರ ಖರ ಖರ ಅಂತೈತಿ. ಇದು ಅದಲ್ಲ. ಸರ್… ಸರ್… ಟಕ್. ಹೆಣ್ಣಮಕ್ಕಳು ತೆಳ್ಳನ ಅರಿವಿ ಕಟ್ಟಿದ ಜರಡಿಯಾಗ ಪುಡಿ ಸಾಣಸ್ತಾರಲ್ಲ… ಎರಡು ಸಲ ಅಳ್ಳಾಡಿಸಿ, ಕಡೀಕ ಅಂಚಿಗೆ ಅಂಗೈಲೆ ಒಂದು ಬಡೀತಾರಲ್ಲ… ಬರೋಬರಿ ಅದ.

"ಈ ಹೊತ್ತಿನ್ಯಾಗ ಬಾವಿ ದಂಡಿಮ್ಯಾಲ ಯಾರಲೇ ಹಿಟ್ಟು ಸಾಣಸಾವ್ರು?" ಅಂತ ಬೈಕೋತ ನಡದಬಿಟ್ಟ. ಹೆದರಾಕೂ ಅಂವಗ ಪುರಸೊತ್ತಿರಲಿಲ್ಲ. ಎರಡು ದಿನದಿಂದ ಒಂದು ಪಿಸ್ತೂಲು ಅವನ ಜೀಂವಾ ತಿನ್ನಾಕತ್ತಿತ್ತು.

ಆ ಪಿಸ್ತೂಲು ಯಾರದಂದ್ರ, ಅದ ಲಕ್ಕವ್ವನ ಗಂಡ ಕಾಮಣ್ಣಂದು. ಕಾಮಣ್ಣ ತೀರಿಕೊಂಡ ಮ್ಯಾಲ ಲೈಸೆನ್ಸ ದೊಡ್ಡ ಮಗ ಧರೆಪ್ಪನ ಹೆಸರಿಗೆ ಬಂತು. ಎಲೆಕ್ಷನ್ ಬಂದಾಗ ಎಲ್ಲಾರೂ ಬಂದೂಕು ಒಯ್ದು ಠಾಣೆದಾಗ ಇಡಬೇಕಲ್ಲ, ಇಂವನೂ ಇಟ್ಟಿದ್ದ. ಎಲೆಕ್ಷನ್ ಮುಗೀತು, ಬಿಡಿಸಿಕೊಂಡು ಮಂಗಳಾರ ಮುಂಜಾನೆ ನೆಟ್ಟಗ ಹಾಲೇಶನ ಅಂಗಡಿಗೆ ತಂದ.

"ಬಾಳೇಶಾ, ನೋಡಿದನ್ನ. ಟ್ರಿಗರ್ ಎಳದ್ರ ಒಳಗ ಉಸುಕು ಇದ್ದಂಗ ಕರಕರ ಅಂತೈತಿ. ಈ ಮ್ಯಾಲಿನ ಸ್ಲೈಡ್ ಹಿಂದ ಸರದ್ರ ಅಲ್ಲೇ ಕುಂದರತೈತಿ. ಅದನ್ನ ಮುಂದ ಬಿಡೋ ಖಟಕಾ ಎರಡೂ ಹೆಬ್ಬಟ್ಟಿಲೆ ಒತ್ತಿದ್ರೂ ಜಪ್ಪಯ್ಯ ಅನ್ನಾಂಗಿಲ್ಲ. ಶುಕ್ರಾರಕ್ಕ ನನ್ನ ಕೈಯಾಗ ಇರಬೇಕು."

"ಶುಕ್ರಾರ ಏನೈತ್ರಿ ಧರೆಪ್ಪಣ್ಣಾ?"

"ಕಬ್ಬಿಗೆ ಹಂದಿ ಬರತಾವ."

ಶುಕ್ರಾರ ಏನೈತಿ ಅಂತ ಊರಿಗೆಲ್ಲಾ ಗೊತ್ತಿತ್ತು. ಧರೆಪ್ಪ ಮತ್ತ ಅವನ ತಮ್ಮ ಮಲ್ಲೇಶ, ಇಬ್ಬರಿಗೂ ಒಂದ ಬಾವಿ, ಒಂದ ಮೋಟಾರ. ನೀರಿನ ಪಾಳಿ ಹಚ್ಚಿಕೊಟ್ಟಾಕಿ ಲಕ್ಕವ್ವ. ಶುಕ್ರಾರ ರಾತ್ರಿ ಸಣ್ಣಾಂವಂದು ಅಂತ ಆಕಿ ಬಾಯಿಲೆ ಹೇಳಿದ್ದು, ಆಕಿ ಇರೂತನ ನಡೀತು. ಆಕಿ ಹೋದ ಮ್ಯಾಲ ಧರೆಪ್ಪ ತಿರಗಿಬಿದ್ದ. "ಬಾವಿ ತೋಡೋ ಮುಂದ ಕಲ್ಲು ಹೊತ್ತಾಂವ ನಾ. ಅವ್ವ ಮುದ್ದಿಗೆ ಕೊಟ್ಟ ಪಾಳಿ ಅವ್ವನ ಜೋಡಿನ ಹೋತು" ಅಂದ. ಮಲ್ಲೇಶ, "ಅವ್ವ ಕೊಟ್ಟದ್ದನ್ನ ಸತ್ರೂ ಬಿಡಾಂಗಿಲ್ಲ" ಅಂದ. ಹುಟ್ಟತ ಅಣ್ಣತಮ್ಮರು, ಬೆಳಕೋತ ದಾಯಾದ್ರು ಅಂತಾರಲ್ಲ, ಸುಳ್ಳಲ್ಲ. ಹಿಂದಿನ ವಾರ ಕಟ್ಟಿಮ್ಯಾಲ ನಾಕ ಮಂದಿ ಮುಂದ ಧರೆಪ್ಪ ಎದಿ ಬಡಕೊಂಡು ಹೇಳಿದ್ದ, "ಬರೂ ಶುಕ್ರಾರ ಮೋಟಾರಿಗೆ ಕೈ ಹಚ್ಚಲಿ. ಅಲ್ಲೇ ಮಲಗಸ್ತೇನಿ."

ಬಾಳೇಶ ಆ ಕಟ್ಟಿಮ್ಯಾಲ ಇದ್ದ. ಕಿವಿಯಾರೆ ಕೇಳಿದ್ದ. ಆದ್ರೂ ಪಿಸ್ತೂಲು ತಗೊಂಡ. ‘ಬರೇ ಹೆದರಸಾಕ ಒಯ್ಯತಾನ, ಬೊಗಳೋ ನಾಯಿ ಕಚ್ಚಾಂಗಿಲ್ಲ, ನನ್ನ ಕೆಲಸ ರಿಪೇರಿ’ ಅಂತ ತನಗ ತಾನ ಸಮಾಧಾನ ಹೇಳಿಕೊಂಡ.

ಮೊದಲ ಗುಂಡು ಇಲ್ಲಂತ ನೋಡಿ, ಬಿಚ್ಚಿದ. ಬಿಚ್ಚಿದ್ರ ಒಳಗೆಲ್ಲಾ ಹಳದಿ!

ಭಂಡಾರ. ನಮ್ಮ ಚಿಂಚಲಿ ಮಾಯವ್ವನ ಭಂಡಾರ, ಅರಿಷಿಣ ಪುಡಿ. ಖಂಡೆ ಪೂಜಾದ ದಿನಾ ಕೊಡ್ಲಿ, ಕುಡಗೋಲು, ಟ್ರ್ಯಾಕ್ಟರ್, ಹೊಲಿಗಿ ಮಶಿನ್ನು ಎಲ್ಲಾದಕ್ಕೂ ಹಾಕತೇವಲ್ಲ, ಹಂಗ ಬಂದೂಕಿಗೂ ಹಾಕತಾರ. ಪೂಜಾ ಮುಗದ ಮ್ಯಾಲ ಒರಸಿ ಇಡೂದಿಲ್ಲ. ಕೊಬ್ಬರಿ ಎಣ್ಣಿ ಜೋಡಿ ಅದು ಕಲತು, ಒಣಗಿ, ಗೋಂದ ಆಗಿ ಕುಂತಿತ್ತು.

"ಈ ಮಂದಿಗೆ ಏನ ಹೇಳಬೇಕ್ರಿ?" ಅಂತ ಬಾಳೇಶ ಹಾಲೇಶನ ಮುಂದ ಹಣಿ ಬಡಕೊಂಡ. "ಕುಂಕುಮಾ ಹಚ್ಚರಿ, ಹಾರ ಹಾಕ್ರಿ, ಕಾಯಿ ಒಡೀರಿ. ಒಳಗ್ಯಾಕ ಸುರೀತೀರೋ ಎಪ್ಪಾ! ಇದೇನ ಉಪ್ಪಿನಕಾಯಿ ಭರಣಿ ಏನ?"

ಆದ್ರ ಒಂದು ಮಾತು. ಮ್ಯಾಲಿಂದ ಉದುರಿ ಬಿದ್ದ ಪುಡಿ ಇಷ್ಟು ಒಳಗ ಹೋಗಾಂಗಿಲ್ಲ. ಹಿಡಕಿ ಬುಡದಾಗ, ಟ್ರಿಗರ್ ಹಿಂದ, ಖಟಕಾದ ಕೆಳಗ, ಎಲ್ಲಿ ತುಂಬಿದ್ರ ಮಶಿನ್ನು ನಿಲ್ಲತೈತೋ ಬರೋಬರಿ ಅಲ್ಲಿ ಒತ್ತಿ ಗಿಡದು ತುಂಬಿತ್ತು. ನಡುವ ಒಂದು ಕಸಬರಿಗಿ ಕಡ್ಡಿ ಮುರದು ಸಿಕ್ಕೊಂಡಿತ್ತು. ಅರಿಷಿಣದ ಜೋಡಿ ಮತ್ತೊಂದು ವಾಸನಿ… ಬಜಿ. ಕೂಸುಗೋಳಿಗೆ ತೇದು ನೆಕ್ಕಸ್ತಾರಲ್ಲ ಬಜಿ ಬೇರು, ಅದು. ಬಾಳೇಶ ಕಡ್ಡಿ ನೋಡಿದ, ವಾಸನಿ ತಗೊಂಡ, ಎರಡನ್ನೂ ಬಿಟ್ಟ. ಸಿಟ್ಟಿನ್ಯಾಗ ಇದ್ದಾಂವಗ ಕಣ್ಣು ಇರತಾವ, ವಿಚಾರ ಇರಾಂಗಿಲ್ಲ.

ಚಿಮಣಿ ಎಣ್ಣಿಯಾಗ ತೋಯಿಸಿ, ಹಲ್ಲುಜ್ಜೋ ಬ್ರಶ್ಶಿಲೆ ತಿಕ್ಕಿ, ಮಿಲಿಟರಿಯಾಗ ಚಿಂದಿ ಅಂತಾರಲ್ಲ ಆ ಅರಿವಿ ತುಂಡಿಲೆ ಒರಸಿ, ಖಟಕಾದ ಒರಟು ಮಾರಿ ಸಣ್ಣ ಕಲ್ಲಿಗೆ ಹಗೂರಕ ತೀಡಿ, ಹನಿಯಷ್ಟ ಎಣ್ಣಿ ಬಿಟ್ಟ. ಜೋಡಿಸಿದ. ಒತ್ತಿದ. ಛಳಕ್! ಸ್ಲೈಡ್ ಮುಂದ ಓಡ್ತು. ಟ್ರಿಗರ್ ಎಳದ. ಟಿಕ್. ಅಂವಗ ಖುಷಿ ಆತು. ಹಾಲೇಶ ಅದನ್ನ ತಿಜೋರಿಯಾಗ ಇಟ್ಟು, ಕೀಲಿ ಹಾಕಿ, ಕೀಲಿಕೈ ಉಡದಾರಕ್ಕ ಸಿಗಿಸಿಕೊಂಡು ಮನಿಗೆ ಹ್ವಾದ.

ಬುಧವಾರ ಮುಂಜಾನೆ ತಗದ್ರ… ಕರ್ರ್.

ಬಾಳೇಶಗ ನಂಬಕಿ ಆಗಲಿಲ್ಲ. ಮತ್ತ ಎಳದ. ಕರ್ರ್… ಅರ್ಧಕ್ಕ ನಿಂತು. ಖಟಕಾ ಒತ್ತಿದ, ಅಲಗಾಡಲಿಲ್ಲ. ಬಿಚ್ಚಿದ. ಮತ್ತ ಹಳದಿ! ಈ ಸಲ ಹಳೇ ಗೋಂದ ಅಲ್ಲ, ಹೊಸಾ ಪುಡಿ. ಒಣಾ, ನುಣ್ಣಗಿಂದು.

"ಹಾಲೇಶಾ! ಚಾಷ್ಟಿಗೂ ಒಂದು ಹದ್ದು ಇರತೈತಿ ನೋಡು!"

"ಏ, ನನ್ಯಾಕ ನೋಡತಿ? ಕೀಲಿ ನನ್ನ ಸೊಂಟದಾಗ ಇತ್ತು."

"ಅದಕ್ಕ ಅನ್ನೂದು! ಕೀಲಿ ನಿನ್ನ ಸೊಂಟದಾಗ ಇದ್ರ ಮತ್ತ್ಯಾರು ತಗೀತಾರು?"

"ನೀನ ಬರೋಬರಿ ತಗದಿಲ್ಲ ಬಿಡಪಾ. ಕೈ ಹಳತಾಗ್ಯಾವ ನಿನ್ನವು" ಅಂದುಬಿಟ್ಟ ಹಾಲೇಶ.

ಆ ಮಾತು ಬಾಳೇಶನ ಎದ್ಯಾಗ ನಟ್ಟುಬಿಟ್ತು. ಕೈ ಹಳತಾಗ್ಯಾವ! ಹಿಮದಾಗ ಬೆಟ್ಟು ಮರಗಟ್ಟಿ ಹೋದಾಗ ಸೈತ ಬಂದೂಕು ಬಿಚ್ಚಿ ಜೋಡಿಸಿದ ಕೈಗೆ ಹಳತಾಗ್ಯಾವ ಅಂದ್ರ? ಹಲ್ಲು ಕಡಕೋತ ಎರಡನೇ ಸಲ ಎಲ್ಲಾ ಬಿಚ್ಚಿದ, ತೊಳದ, ಜೋಡಿಸಿದ. ಈ ಸಲ ಪಿಸ್ತೂಲಿಗೆ ಅರಿವಿ ಸುತ್ತಿ, ಹಗ್ಗದಿಂದ ಮಿಲಿಟರಿ ಗಂಟು ಹಾಕಿ, ತಾನ ತಿಜೋರಿಯಾಗ ಇಟ್ಟ. ಆ ಗಂಟು ಬಿಚ್ಚಾಕ ಬರೂದು ಊರಾಗ ಅವನೊಬ್ಬಗ. ಅವತ್ತ ರಾತ್ರಿನ ಬಾವಿ ಹತ್ರ ಆ ಜರಡಿ ಸಪ್ಪಳಾ ಕೇಳಿದ್ದು.

ಗುರುವಾರ ಮುಂಜಾನೆ ಗಂಟು ಹಾಕಿದ್ದು ಹಾಕಿದಂಗ ಇತ್ತು. ಬಿಚ್ಚಿದ. ಟ್ರಿಗರ್ ಎಳದ.

ಕರ್ರ್.

ತಲಿ ಕೆಟ್ಟು ಕೆರಾ ಹಿಡದು ಹೋತು ಅವಂದು. ಬ್ರಶ್ ಒಗದ, ಅದು ಹೋಗಿ ಹಾಲೇಶನ ಚಾದ ಕಪ್ಪಿನ್ಯಾಗ ಬಿತ್ತು. ಸ್ಟೂಲಿಗೆ ಒದ್ದ, ಸ್ಟೂಲು ಕಬ್ಬಿಣದ್ದು, ಬೆಟ್ಟಿನ ಉಗುರು ಕಿತ್ತು. ಕುಂಟಕೋತ ಕುಂಟಕೋತ ಪಿಸ್ತೂಲಿಗೆ ಅದರ ತಾಯಿ ತಂದಿ ಎಲ್ಲಾ ಎತ್ತಿ ಬೈದ. ಅಷ್ಟರಾಗ ಧರೆಪ್ಪನ ಫೋನು.

"ಆತೇನೋ?"

"ಆಗತೈತ್ರಿ."

"ಮೂರು ದಿನದಿಂದ ಆಗತೈತಿ ಅನ್ನಾಕತ್ತಿ. ನಿನಗ ಬರೂದಿಲ್ಲಂದ್ರ ಹೇಳು, ಕೊಲ್ಲಾಪುರಕ್ಕ ಒಯ್ಯತೇನಿ. ನಾಳೆ ಮುಂಜಾನೆ ಬರಾಂವ ನಾ."

ಬರೂದಿಲ್ಲಂದ್ರ! ಬಾಳೇಶನ ಮಾರಿ ಕೆಂಪಗಾತು. ಉಣ್ಣಲಿಲ್ಲ, ಚಾ ಕುಡೀಲಿಲ್ಲ. ಮೂರನೇ ಸಲ ಬಿಚ್ಚಿ, ಒಂದೊಂದ ತುಂಡು ಬಿಸಲಿಗೆ ಹಿಡದು ನೋಡಿ ಒರಸಿದ. ಸಂಜಿಕ ಅದು ಹೊಸಾದರಂಗ ಆತು. ಅದರ ಮ್ಯಾಲ ಅಂವಗ ಭರೋಸ ಮಾತ್ರ ಬರಲಿಲ್ಲ, ಮತ್ತ ಅದ ಗಂಟು ಹಾಕಿ ತಿಜೋರಿಯಾಗ ಇಟ್ಟ.

ಆ ರಾತ್ರಿ… ಚಂದ್ರ ಇರಲಿಲ್ಲ. ಕರೆಂಟೂ ಇರಲಿಲ್ಲ. ಕುಂಟಕೋತ ಬರಾಕತ್ತಿದ್ದ. ಬಾವಿ ಸಮೀಪ ಬಂತು.

ಸರ್… ಸರ್… ಟಕ್.

ಮತ್ತ ಅದ! ಬ್ಯಾರೆ ಯಾರರ ಇದ್ದಿದ್ರ ಓಡಿ ಹೋಗತಿದ್ರು. ಇಂವಗ ಎಲ್ಲಾರ ಮ್ಯಾಲ ಸಿಟ್ಟು ಇತ್ತಲ್ಲ, ಆ ಸಿಟ್ಟು ತೀರಿಸಿಕೊಳ್ಳಾಕ ಒಬ್ಬರು ಬೇಕಾಗಿದ್ರು. ದಾರಿ ಬಿಟ್ಟು ಬಾವಿ ಕಡೆ ಹೊಂಟ. ದಂಡಿಮ್ಯಾಲ ಒಬ್ಬಾಕಿ ಮುದುಕಿ ಕುಂತಿದ್ಲು. ಬೆನ್ನು ಈ ಕಡೆ. ತಲಿಮ್ಯಾಲ ಸೆರಗು. ತೊಡಿಮ್ಯಾಲ ಜರಡಿ.

"ಯಾರ ಬೇ ನೀ? ಇಷ್ಟೊತ್ತನ್ಯಾಗ ಏನ ಮಾಡಾಕತ್ತಿ?"

ಜರಡಿ ನಿಂತು. ಮುದುಕಿ ತಿರಗಲಿಲ್ಲ. ಪಿಸುಮಾತಿನ್ಯಾಗ ಅಂದ್ಲು, "ನೀ ತಗದಂಗ ತಗದಂಗ ನಾ ತುಂಬತೇನಿ… ನನಗೂ ಕೈ ನೋಯ್ತಾವೊ ಎಪ್ಪಾ."

ಬಾಳೇಶ ಇನ್ನೊಂದು ಹೆಜ್ಜಿ ಹತ್ರ ಹ್ವಾದ.

"ಏನ… ಏನ ತುಂಬತಿ?"

"ನಾಳೆ ಸಣ್ಣಾಂವನ ಪಾಳಿ ಐತಿ…" ಜರಡಿ ಅಂಚು ಒರಸಿದ್ಲು. "ಬಾಳಪ್ಪಾ, ಅದು ಹಂಗ ಇರಲಿ… ಬಿಡೊ ಮಗನ."

ಬಾಳಪ್ಪಾ ಅಂತ ಅವನ್ನ ಕರಿಯಾಕಿ ಊರಾಗ ಒಬ್ಬಾಕೀನ ಇದ್ಲು. ಆಕಿ ಹೆಣಕ್ಕ ಹೆಗಲು ಕೊಟ್ಟವರಾಗ ಇಂವನೂ ಒಬ್ಬ. ಮೊಬೈಲ ಬ್ಯಾಟರಿ ಹಚ್ಚಿದ… ಯಾರೂ ಇಲ್ಲ. ಬಾವಿ ದಂಡಿ ಕಲ್ಲಿನ ಮ್ಯಾಲ ಜರಡಿ ಅಗಲ ಹಳದಿ ಪುಡಿ, ದುಂಡಗ ಬಿದ್ದಿತ್ತು. ಅಷ್ಟ.

ಓಡಿದ. ಗುಂಡಿನ ಸಪ್ಪಳದಾಗ ನಿದ್ದಿ ಮಾಡಿದ ಮನಶ್ಯಾ, ಒಂದು ಕಾಲಾನ ಚಪ್ಪಲಿ ಅಲ್ಲೇ ಬಿಟ್ಟು ಓಡಿದ. ಮನ್ಯಾಗ ಹೆಂಡ್ತಿ "ಚಪ್ಪಲಿ ಎಲ್ಲಿ?" ಅಂದ್ರ "ಬಸ್ಸಿನ್ಯಾಗ" ಅಂದ. ರಾತ್ರಿ ಎಲ್ಲಾ ಕಣ್ಣು ತಗದ ಮಲಗಿದ್ದ. ಆಗ ಕಸಬರಿಗಿ ಕಡ್ಡಿ ನೆನಪಾತು. ಬಜಿ ವಾಸನಿ ನೆನಪಾತು. ‘ನಾಳೆ ಮುಂಜಾನೆ ಅದು ಕರ್ರ್ ಅನ್ನಲಿ. ನನಗ ಬರೂದಿಲ್ಲೋ ಎಪ್ಪಾ, ಕೈ ಹಳತಾಗ್ಯಾವ ಅಂತ ಧರೆಪ್ಪನ ಮಾರಿಮ್ಯಾಲ ಹೇಳಿ ಕೊಟ್ಟು ಕಳಸ್ತೇನಿ’ ಅಂತ ಗಟ್ಟಿ ಮಾಡಿಕೊಂಡ. ತಾ ಮಾಡಿದ ಕೆಲಸ ಕೆಡಲಿ ಅಂತ ಅಂವಾ ದೇವರಿಗೆ ಬೇಡಿಕೊಂಡದ್ದು ಜನ್ಮದಾಗ ಅದ ಒಂದ ಸಲ.

ಶುಕ್ರಾರ ಅಂಗಡಿಗೆ ಹ್ವಾದ್ರ ಧರೆಪ್ಪ ಬಂದು ಕುಂತಿದ್ದ. ಹಾಲೇಶ ತಿಜೋರಿ ತಗದ. ಬಾಳೇಶ ಗಂಟು ಬಿಚ್ಚಿದ. ಸ್ಲೈಡ್ ಹಿಂದ ಎಳದ, ಖಟಕಾಕ್ಕ ಹಗೂರಕ ಬೆಟ್ಟು ಹಚ್ಚಿದ.

ಛಳಕ್!

ಟ್ರಿಗರ್… ಟಿಕ್. ಬೆಣ್ಣ್ಯಾಗ ಬೆಟ್ಟು ಇಟ್ಟಂಗ.

ಬಾಳೇಶ ಬಾಯಿ ತಗೀಬೇಕು ಅನ್ನೂದರಾಗ ಧರೆಪ್ಪ ಕಸಗೊಂಡ. ತಾನ ಎಳದ, ತಾನ ಬಿಟ್ಟ. ಛಳಕ್. ಟಿಕ್. ಛಳಕ್. ಟಿಕ್.

"ಶಾಬಾಸ್! ಈಗ ನೋಡು. ಅಪ್ಪನ ಕಾಲದಾಗೂ ಹಿಂಗಿರಲಿಲ್ಲ ಇದು."

"ಧರೆಪ್ಪಣ್ಣಾ…" ಬಾಳೇಶ ಬಾಗಲಕ್ಕ ಅಡ್ಡ ಬಂದ. "ಇದು ಹಂದಿಗೆ ಅಷ್ಟ ಹೌದಿಲ್ರಿ?"

ಧರೆಪ್ಪ ಅವನ ಮಾರಿ ನೋಡಲಿಲ್ಲ. "ಹಂದಿಗೆ ಅಲ್ಲದ ಮತ್ತ್ಯಾರಿಗೆ?" ಅಂದು ಸೊಂಟಕ್ಕ ಸಿಗಿಸಿಕೊಂಡು ಹೋದ.

ಬಾಳೇಶಗ ಅಂಗಡ್ಯಾಗ ನಿಲ್ಲಾಕ ಆಗಲಿಲ್ಲ, ಕುಂದರಾಕ ಆಗಲಿಲ್ಲ. ಮುದುಕಿ ಮ್ಯಾಲ ಸಿಟ್ಟು ಬಂತು. ಮೂರು ದಿನಾ ಬ್ಯಾಡಂದಾಗ ತುಂಬಿದಾಕಿ, ಬೇಕಂದ ದಿನಾ ಎಲ್ಲಿ ಹ್ವಾದಿ ಬೇ? ತನ್ನ ಮ್ಯಾಲ ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಠಾಣೆಗೆ ಫೋನ ಮಾಡಲಿ ಅಂದ್ರ ಏನಂತ ಹೇಳಬೇಕು? ಸತ್ತಾಕಿ ಬಂದು ಹೇಳಿದ್ಲು ಅನ್ನಲೇನ? ಕಡೀಕ ಮಲ್ಲೇಶಗ ಮಾಡಿದ.

"ತಮ್ಮಾ, ಇವತ್ತೊಂದ ರಾತ್ರಿ ಬಾವಿಗೆ ಹೋಗಬ್ಯಾಡೊ. ನಿನ್ನ ಕಾಲಿಗೆ ಬೀಳತೇನಿ."

"ಅಂವನ ಹೇಳಿ ಕಳಸ್ಯಾನೇನ ನಿನಗ?" ಅಂದ ಮಲ್ಲೇಶ. "ಅಂವಗ ಹೇಳು. ಅವ್ವ ಕೊಟ್ಟ ಪಾಳಿ ಬಿಡಾಂಗಿಲ್ಲ ನಾ. ಹೊಡದ್ರ ಹೊಡೀಲಿ." ಫೋನ ಇಟ್ಟುಬಿಟ್ಟ.

ಸಂಜಿಮುಂದ ಬಾಳೇಶ ಬಸ್‌ಸ್ಟ್ಯಾಂಡಿಗೆ ಓಡಿದ. ಬಸ್ಸು ಹೋಗಿತ್ತು. ಮುಂದಿಂದು ಬರಲಿಲ್ಲ. ಅದರ ಮುಂದಿಂದು ಬಂತು, ಕಬ್ಬಿನ ಗಾಡಿ ಹಿಂದ ಸಿಕ್ಕು ಆಮಿ ಆದಂಗ ಆತು. ಸೀಟಿನ್ಯಾಗ ಕುಂತು ಕಂಡಕ್ಟರಗ ಬೈದ, ಕಬ್ಬಿನ ಗಾಡಿಗೆ ಬೈದ, ರಸ್ತೆಗೆ ಬೈದ. ಕ್ರಾಸಿಗೆ ಇಳಿಯೂದರಾಗ ಕತ್ತಲಿ ಅಗದೀ ಗಟ್ಟಿಯಾಗಿತ್ತು. ಕಿತ್ತ ಉಗುರಿನ ಬೆಟ್ಟು ಎಳಕೋತ ಓಡಿದ.

ಬಾವಿ ಹತ್ರ ಬಂದ. ಕಿವಿ ಕೊಟ್ಟ.

ಜರಡಿ ಸಪ್ಪಳಾ ಇಲ್ಲ.

ಕೇಳಿದಾಗ ಆಗಿದ್ದಿಲ್ಲ ನೋಡ್ರಿ, ಕೇಳಲಾರದಾಗ ಅಂವಗ ಖರೇ ಹೆದರಿಕಿ ಆತು. ಆಕೀನೂ ಕೈ ಬಿಟ್ಲು ಅಂತ ಅನಿಸ್ತು. ಅಷ್ಟರಾಗ… ಗೂಂ… ಕರೆಂಟ ಬಂತು. ಪೆಟಗಿ ಮ್ಯಾಲಿನ ಬಲ್ಬು ಹತ್ತಿತು. ಬಲ್ಬಿನ ಬೆಳಕಿನ್ಯಾಗ ಮಲ್ಲೇಶ ನಿಂತಿದ್ದ, ಕೈ ಸ್ಟಾರ್ಟರಿನ ಹಸಿರು ಗುಂಡಿ ಮ್ಯಾಲ. ಅವನೆದುರಿಗೆ ಧರೆಪ್ಪ. ನಡುವ ಐದಾರು ಹೆಜ್ಜಿ ಜಾಗಾ.

"ಕೈ ತಗಿ, ಮಲ್ಲ್ಯಾ."

"ತಗ್ಯಾಂಗಿಲ್ಲ."

"ತಗೀ ಅಂದೆ!"

ಮಲ್ಲೇಶ ಗುಂಡಿ ಒತ್ತಿದ. ಮೋಟಾರ ಹೂಂ ಅಂತ ಸುರು ಆತು. ಧರೆಪ್ಪ ಕೈ ಎತ್ತಿದ. ಬಾಳೇಶ "ಧರೆಪ್ಪಣ್ಣಾ!" ಅಂತ ಚೀರಿದ. ಧರೆಪ್ಪ ಕೇಳಲಿಲ್ಲ. ಎಳದ.

ಕರ್ರ್…

ಅರ್ಧಕ್ಕ ನಿಂತು.

ಧರೆಪ್ಪ ಪಿಸ್ತೂಲು ನೋಡಿದ. ಮತ್ತ ಎಳದ. ಕರ್ರ್… ಸ್ಲೈಡ್ ಜಗ್ಗಿದ, ಅದು ಹಿಂದ ಹೋಗಿ ಅಲ್ಲೇ ಕುಂತು. ಖಟಕಾ ಒತ್ತಿದ. ಎರಡೂ ಹೆಬ್ಬಟ್ಟು ಇಟ್ಟು, ಹಲ್ಲು ಕಚ್ಚಿ ಒತ್ತಿದ. ಅಲಗಾಡಲಿಲ್ಲ.

"ಏನ ರಿಪೇರಿ ಮಾಡಿಯೋ ಭಾಡ್ಯಾ!" ಅಂತ ಬಾಳೇಶನ ಕಡೆ ತಿರಗಿ ಒದರಿದ. ಬಾಳೇಶ ಹೋಗಿ ಅದನ್ನ ಅವನ ಕೈಯಿಂದ ಕಸಗೊಂಡ. ಗುಂಡು ತಗದು ಕಿಸೇದಾಗ ಹಾಕ್ಕೊಂಡ. ಆಮ್ಯಾಲ, ಯಾಕ ಅಂತ ಅವಗೂ ಗೊತ್ತಿಲ್ಲ, ಪಿಸ್ತೂಲು ಬೋರಲ ಹಿಡದು ಅಂಗೈ ಮ್ಯಾಲ ಬಡದ.

ಭಂಡಾರ ಸುರೀತು. ಸರ್ ಅಂತ ಸುರೀತು. ಅವನ ಅಂಗೈ ತುಂಬಿ ನೆಲಕ್ಕ ಬಿತ್ತು, ಮತ್ತೂ ಸುರೀತು. ಅಂಥಾ ಸಣ್ಣ ಪಿಸ್ತೂಲಿನ್ಯಾಗ ಅಷ್ಟು ಪುಡಿ ಹಿಡಿಯಾಂಗಿಲ್ಲ, ನಾ ಹೇಳೂದಲ್ಲ, ಬಾಳೇಶನ ಹೇಳತಾನ. ಮುಂಜಾನೆ ಅಂವನ ಕೈಲೆ ಖಾಲಿ ಕೊಟ್ಟದ್ದು ಅದು. ಸಂಜೀತನ ಧರೆಪ್ಪನ ಸೊಂಟ ಬಿಟ್ಟು ಅಲಗಾಡಿಲ್ಲ.

ವಾಸನಿ ಎದ್ದಿತು. ಅರಿಷಿಣ… ಅದರ ಹಿಂದ ಬಜಿ.

ಮೊದಲ ಮಲ್ಲೇಶಗ ಬಡೀತು. ಅಂವಾ ಮೋಟಾರ ಬಂದ್ ಮಾಡಿದ. ಎಲ್ಲಾ ಗಪ್ಪಾತು.

"ಅಣ್ಣಾ…" ಅಂದ, "ಅವ್ವನ ವಾಸನಿ."

ಲಕ್ಕವ್ವ ಭಂಡಾರಕ್ಕ ಬಜಿ ಪುಡಿ ಕಲಸಾಕಿ. ಊರಾಗ ಮತ್ತ್ಯಾರೂ ಹಂಗ ಮಾಡೂದಿಲ್ಲ. ದೇವರಿಗೂ ಅದ, ಮಕ್ಕಳ ನೆತ್ತಿಗೂ ಅದ ಅಂತಿದ್ಲು. ಇಬ್ಬರ ನೆತ್ತಿಗೂ ಅದನ್ನ ತಿಕ್ಕಿ ಬೆಳಸಿದ್ದು ಆಕಿ. ಧರೆಪ್ಪ ಅಲ್ಲೇ ಮಣ್ಣಾಗ ಕುಕ್ಕರಗಾಲಿಲೆ ಕುಂತ. ತನ್ನ ಕೈ ಮೂಗಿಗೆ ಹಿಡಕೊಂಡ. ಕೈ ಹಳದಿ ಆಗಿದ್ವು.

"ಅಪ್ಪ ಒಮ್ಮೆ ಕಾಕಾನ ಮ್ಯಾಲ ಇದನ್ನ ಎತ್ತಿದ್ದ" ಅಂದ, ಯಾರಿಗೆ ಹೇಳಾಕತ್ತಾನ ಅಂತ ಗೊತ್ತಾಗಲಿಲ್ಲ. "ನಾ ಸಣ್ಣಾಂವ ಇದ್ದೆ, ನೋಡೇನಿ. ಆ ವರ್ಷದಿಂದ ಖಂಡೆ ಪೂಜಾಕ್ಕ ಅವ್ವ ಇದನ್ನ ತಾ ಒಬ್ಬಾಕೀನ ದೇವರ ಖೋಲ್ಯಾಗ ಒಯ್ದು, ಬಾಗಲಾ ಹಾಕ್ಕೊಂಡು ಪೂಜಾ ಮಾಡತಿದ್ಲು. ಮ್ಯಾಲ ಕುಂಕುಮಾ ಹಚ್ಚಿ ಹೊರಗ ತರತಿದ್ಲು. ಅಪ್ಪ ಸಾಯೂತನ ಇದು ಒಮ್ಮೆನೂ ಹಾರಲಿಲ್ಲ. ಸುಡಗಾಡ ಪಿಸ್ತೂಲು ಅಂತ ಬೈತಿದ್ದ… ನಾವು ನಗತಿದ್ವಿ."

ಬಾಳೇಶಗ ಆ ಮುರದ ಕಡ್ಡಿ ಕಣ್ಣಮುಂದ ಬಂತು. ಶಾಲಿ ಮೆಟ್ಟಲಾ ಹತ್ತಲಾರದಾಕಿ, ಬಾಗಲಾ ಹಾಕ್ಕೊಂಡು, ಕಡ್ಡೀಲೆ ಒತ್ತಿ ಒತ್ತಿ… ವರ್ಷಾ ವರ್ಷಾ. ಅದನ್ನ ಅಂವಾ ಮೂರು ದಿನಾ ಬೈಕೋತ ತೊಳದಿದ್ದ.

ಆಮ್ಯಾಲ ಮಲ್ಲೇಶ ಕಣ್ಣು ಒರಸಿಕೊಂಡು ಪೆಟಗಿಯಿಂದ ಹಿಂದ ಸರದ. "ತಗೋ ಅಣ್ಣಾ. ನೀನ ಹಾಯಿಸಿಕೊ. ನನಗ ಬ್ಯಾಡ."

ಧರೆಪ್ಪ ಮಣ್ಣಿಗೆ ಕೈ ಊರಿ ಎದ್ದ. ಸ್ಟಾರ್ಟರ್ ಹತ್ರ ಹ್ವಾದ. "ಇವತ್ತ ಶುಕ್ರಾರಲೇ, ಹುಚ್ಚಾ" ಅಂದ. ಹಸಿರು ಗುಂಡಿ ತಾನ ಒತ್ತಿದ. ನೀರು ಬಂದು ಮಲ್ಲೇಶನ ಕಾಲುವಿಗೆ ಬಿತ್ತು. ಬಾಳೇಶ ಅಲ್ಲೇ ಕುಂತು ಅತ್ತ. ಅಳೂ ಮುಂದೂ ಬೈಯೂದು ಬಿಡಲಿಲ್ಲ ಅಂವಾ. "ಮುದುಕಿ… ಮೊದಲ ಹೇಳಾಕ ಏನಾಗಿತ್ತ ಬೇ ನಿನಗ…"

ಮರುದಿನಾ ಅಣ್ಣ ತಮ್ಮ ಇಬ್ಬರೂ ಒಂದ ಗಾಡಿಮ್ಯಾಲ ಹೋಗಿ ಪಿಸ್ತೂಲು ಠಾಣೆಗೆ ಒಪ್ಪಿಸಿದ್ರು. ಲೈಸೆನ್ಸ ಬ್ಯಾಡ ಅಂತ ಬರದುಕೊಟ್ರು. ಅದು ಈಗೂ ಅಲ್ಲೇ ಐತಿ. ಬಾಳೇಶ ಅಂಗಡಿಗೆ ಹೋಗತಾನ. ಆದ್ರ ಯಾರರ ಬಂದೂಕು ತಂದು ಕರಕರ ಅಂತೈತಿ ಅಂದ್ರ, ಮೊದಲ ಮನಿ ಹೆಣ್ಣಮಕ್ಕಳು ಏನಂತಾರು ಅಂತ ಕೇಳತಾನ. ಮಂದಿ ನಗತಾರ. ನಗಲಿ.

ನೀವೂ ನಗಾಕತ್ತೀರಿ, ಕತ್ತಲ್ಯಾಗ ಹಲ್ಲು ಕಾಣ್ತಾವ ನನಗ. ನಗರಿ. ಗಾಬರ್ಯಾಗ ಕಣ್ಣು ಏನ ಕಂಡಾವೋ, ಕಿವಿ ಏನ ಕೇಳ್ಯಾವೋ ಅಂತೀರಿ. ಅನ್ನರಿ. ಹಂಗಾದ್ರ ಇದೊಂದು ಹೇಳ್ರಿ ನನಗ.

ಲಕ್ಕವ್ವ ಸತ್ತ ದಿನಾ ಆಕಿ ಭಂಡಾರದ ಹಿತ್ತಾಳಿ ಡಬ್ಬಿ ಬಾಯಿತನ ತುಂಬಿತ್ತು. ಧರೆಪ್ಪನ ಹೆಂಡ್ತಿ ಸಾವಿತ್ರೆವ್ವ ಅದಕ್ಕ ಅರಿವಿ ಕಟ್ಟಿ, ಗಂಟು ಬಿಗದು, ದೇವರ ಮಾಡದಾಗ ಇಟ್ಟಿದ್ಲು. ಅತ್ತಿ ಕೈಲೆ ಮಾಡಿದ್ದು, ಖರ್ಚು ಮಾಡಾಕ ಮನಸ ಬರಲಿಲ್ಲ ಆಕಿಗೆ. ಆ ರಾತ್ರಿ ಕಳದು ಮುಂಜಾನೆ, ಇಬ್ಬರ ನೆತ್ತಿಗೂ ಹಚ್ಚೂಣು ಅಂತ ಸಾವಿತ್ರೆವ್ವ ಆ ಡಬ್ಬಿ ಇಳಿಸಿದ್ಲು. ಗಂಟು ಬಿಚ್ಚಿ ಮುಚ್ಚಳಾ ತಗದ್ರ ಡಬ್ಬಿ ಖಾಲಿ. ತಳದಾಗ ಅರ್ಧ ಕಸಬರಿಗಿ ಕಡ್ಡಿ, ತುದಿ ಹಳದಿ ಆದದ್ದು. ಆ ಕಡ್ಡಿ ನಾ ಕೈಯಾಗ ಹಿಡದು ನೋಡೇನಿ, ಸುಳ್ಳ ಹೇಳಿದ್ರ ನನ್ನ ನಾಲಿಗಿ ಸೇದಿ ಹೋಗಲಿ. ಗಂಟು ಹಾಕಿದಾಕೀನೂ ಸಾವಿತ್ರೆವ್ವ, ಬಿಚ್ಚಿದಾಕೀನೂ ಸಾವಿತ್ರೆವ್ವ. ನಡುವ ಯಾರೂ ಮುಟ್ಟಿಲ್ಲ.